ನೀಲಿಯ ಬಾನಿಯಿಂದ ಗಾಜಿನ ನಳಿಕೆಗೆ: ಮೆಥಿಲೀನ್ ಬ್ಲೂ ಚರಿತ್ರೆಯ ಒಂದು ಜಾನಪದೀಯ ಓದು

1. ಪೀಠಿಕೆ

ಜೀವರಸಾಯನ ವಿಜ್ಞಾನದ ಚರಿತ್ರೆಯಲ್ಲಿ ಮೆಥಿಲೀನ್ ಬ್ಲೂ ಎಂಬ ವರ್ಣದ್ರವ್ಯಕ್ಕೆ ವಿಶಿಷ್ಟವಾದ ಸ್ಥಾನವಿದೆ. ಜೀವಕೋಶವು ಆಹಾರವನ್ನು ಹೇಗೆ ಉರಿಸುತ್ತದೆ, ಉಸಿರಿನೊಡನೆ ಒಳಹೊಕ್ಕ ಆಮ್ಲಜನಕ ಅಲ್ಲಿ ಮಾಡುವ ಕೆಲಸವೇನು ಎಂಬ ಪ್ರಶ್ನೆಗಳಿಗೆ ಇಪ್ಪತ್ತನೆಯ ಶತಮಾನದ ಮೊದಲ ನಾಲ್ಕು ದಶಕಗಳಲ್ಲಿ ದೊರೆತ ಉತ್ತರಗಳಲ್ಲಿ ಹಲವು ಈ ಬಣ್ಣದ ನೆರವಿನಿಂದಲೇ ದೊರೆತವು. ಇದಕ್ಕೆ ಕಾರಣ ಅದರ ಒಂದು ಸರಳ ಗುಣ. ಮೆಥಿಲೀನ್ ಬ್ಲೂ ಕಣವು ಎರಡು ಎಲೆಕ್ಟ್ರಾನುಗಳನ್ನೂ ಒಂದು ಪ್ರೋಟಾನನ್ನೂ ಪಡೆದರೆ ಬಣ್ಣವನ್ನು ಕಳೆದುಕೊಳ್ಳುತ್ತದೆ. ಗಾಳಿಯ ಆಮ್ಲಜನಕ ಅವನ್ನು ಕಸಿದುಕೊಂಡೊಡನೆ ಮತ್ತೆ ನೀಲಿಯಾಗುತ್ತದೆ. ಪಡೆಯುವ ಕ್ರಿಯೆಗೆ ಅಪಕರ್ಷಣವೆಂದೂ ಕಳೆದುಕೊಳ್ಳುವ ಕ್ರಿಯೆಗೆ ಉತ್ಕರ್ಷಣವೆಂದೂ ನಮ್ಮ ಪಠ್ಯಪುಸ್ತಕಗಳು ಹೆಸರು ಕೊಟ್ಟಿವೆ. ಬರಿಗಣ್ಣಿಗೆ ಎಂದೂ ಕಾಣದ ಈ ಕೊಡುಕೊಳೆಯನ್ನು ಬಣ್ಣದ ಇರವು ಮತ್ತು ಇಲ್ಲದಿರುವಿಕೆಯಾಗಿ ಕಾಣಿಸಿಕೊಟ್ಟದ್ದೇ ಈ ಸಂಯುಕ್ತದ ಹಿರಿಮೆ.

ನೀಲಿಬಣ್ಣವೊಂದು ಗಾಳಿಯಿಲ್ಲದ ಕಡೆ ಮರೆಯಾಗಿ ಗಾಳಿ ಸೋಂಕಿದಾಗ ಮೈದೋರುವ ಈ ಸಂಗತಿ ಪ್ರಯೋಗಾಲಯಕ್ಕೆ ಹೊಸದಾಗಿದ್ದಿರಬಹುದು. ನೀಲಿ ಅದ್ದುವ ಬಣ್ಣಗಾರನಿಗೆ ಅದು ನಿತ್ಯದ ಅನುಭವವಾಗಿತ್ತು. ಈ ಎರಡರ ನಡುವಣ ಸಂಬಂಧವನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಇಂತಹ ವಿಷಯವನ್ನು ಕೈಗೆತ್ತಿಕೊಂಡಾಗ ಜಾನಪದ ವಿದ್ವಾಂಸರಿಗೆ ಎರಡು ಅಪಾಯಗಳಿವೆ. ಎಲ್ಲವೂ ನಮ್ಮ ಪೂರ್ವಿಕರಿಗೆ ಮೊದಲೇ ತಿಳಿದಿತ್ತು ಎಂಬ ಹೆಮ್ಮೆ ಮೊದಲನೆಯದು. ಕಸುಬುದಾರರ ಅರಿವು ಬರಿಯ ರೂಢಿ, ಅದು ಜ್ಞಾನವಲ್ಲ ಎಂಬ ತಾತ್ಸಾರ ಎರಡನೆಯದು. ಹೆಮ್ಮೆಗೆ ಸಾಕ್ಷ್ಯದ ಹಂಗಿಲ್ಲ. ತಾತ್ಸಾರಕ್ಕೆ ಸಾಕ್ಷ್ಯವನ್ನು ಹುಡುಕುವ ತಾಳ್ಮೆಯಿಲ್ಲ. ಇವೆರಡನ್ನೂ ಬಿಟ್ಟು ಪದ, ಪದಾರ್ಥ ಮತ್ತು ಪದ್ಧತಿ ಎಂಬ ಮೂರು ಎಳೆಗಳನ್ನು ಹಿಡಿದು ನೋಡಿದರೆ ಬಾನಿಗೂ ನಳಿಕೆಗೂ ಇರುವ ನಂಟು ಎಷ್ಟು ನಿಜ, ಎಲ್ಲಿಗೆ ನಿಲ್ಲುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

2. ನೀಲಿಯ ಬಾನಿ

ನೀಲಿ ಗಿಡದ ಎಲೆಯಲ್ಲಿ ನೀಲಿಬಣ್ಣವಿಲ್ಲ. ಅಲ್ಲಿರುವುದು ಇಂಡಿಕಾನ್ ಎಂಬ ಬಣ್ಣವಿಲ್ಲದ ಸಂಯುಕ್ತ. ಸೊಪ್ಪನ್ನು ನೀರಿನಲ್ಲಿ ನೆನೆಹಾಕಿದಾಗ ಅದು ಒಡೆದು ಸಕ್ಕರೆಯೂ ಇಂಡಾಕ್ಸಿಲ್ ಎಂಬ ವಸ್ತುವೂ ಆಗುತ್ತವೆ. ಆ ನೀರನ್ನು ಬಡಿದು ಗಾಳಿ ಬೆರೆಸಿದರೆ ಇಂಡಾಕ್ಸಿಲ್ ಉತ್ಕರ್ಷಣಗೊಂಡು ನೀಲಿಯಾಗಿ ತಳಕ್ಕಿಳಿಯುತ್ತದೆ. ಗಟ್ಟಿಗೊಳಿಸಿ ಒಣಗಿಸಿದ ಈ ನೀಲಿ ನೀರಿನಲ್ಲಿ ಕರಗದು. ಕರಗದ ಬಣ್ಣವನ್ನು ಬಟ್ಟೆಗೆ ಹತ್ತಿಸುವುದು ಹೇಗೆ ಎಂಬುದೇ ನೀಲಿಗಾರಿಕೆಯ ಮೂಲಭೂತ ಸಮಸ್ಯೆ.

ಈ ಸಮಸ್ಯೆಗೆ ಪರಿಹಾರವಾಗಿ ಬಂದದ್ದು ಬಾನಿ. ಅರೆದ ನೀಲಿಯನ್ನು ಸುಣ್ಣದ ತಿಳಿ ಅಥವಾ ಚೌಳು ಮಣ್ಣಿನ ಕ್ಷಾರದೊಡನೆ ಕಲಸಿ, ಬೆಲ್ಲ, ಹೊಟ್ಟು ಅಥವಾ ಬೇಯಿಸಿದ ಬೀಜದಂತಹ ಹುದುಗುವ ಪದಾರ್ಥವನ್ನು ಸೇರಿಸಿ, ಬಾಯಿ ಮುಚ್ಚಿ, ಬೆಚ್ಚಗಿರಿಸಿ ದಿನಗಟ್ಟಲೆ ಕಾಯುತ್ತಾರೆ. ದಕ್ಷಿಣ ಭಾರತದ ಬಾನಿಗಳಲ್ಲಿ ಈ ಕೆಲಸಕ್ಕೆ ತಗಚೆ ಬೀಜದ ಬಳಕೆ ಪ್ರಸಿದ್ಧವಾದುದು. ಹುದುಗು ಬಲಿತಂತೆ ನೀರು ಹಳದಿಮಿಶ್ರಿತ ಹಸಿರಿಗೆ ತಿರುಗುತ್ತದೆ. ಮೇಲ್ಗಡೆ ಮಾತ್ರ ಗಾಳಿ ತಾಗುವುದರಿಂದ ತಾಮ್ರದ ಹೊಳಪಿನ ನೀಲಿ ಕೆನೆ ಕಟ್ಟುತ್ತದೆ. ಅದ್ದಿದ ಬಟ್ಟೆ ಹೊರಬರುವಾಗ ಹಸಿರಾಗಿದ್ದು ಕೆಲವೇ ನಿಮಿಷಗಳಲ್ಲಿ ನೋಡನೋಡುತ್ತಲೇ ನೀಲಿಯಾಗುತ್ತದೆ. ರಸಾಯನದ ಭಾಷೆಯಲ್ಲಿ ಹೇಳುವುದಾದರೆ, ಬಾನಿಯೊಳಗಿನ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಮುಗಿಸಿ ತಮ್ಮ ಎಲೆಕ್ಟ್ರಾನುಗಳನ್ನು ನೀಲಿಗೆ ಕೊಡುತ್ತವೆ. ಅಪಕರ್ಷಣಗೊಂಡ ನೀಲಿ ಕ್ಷಾರದಲ್ಲಿ ಕರಗಿ ನೂಲಿನೊಳಗೆ ಇಳಿಯುತ್ತದೆ. ಗಾಳಿಯಲ್ಲಿ ಉತ್ಕರ್ಷಣಗೊಂಡು ಅಲ್ಲಿಯೇ ಕರಗದ ನೀಲಿಯಾಗಿ ನೆಲೆಸುತ್ತದೆ.

ಬಾನಿಯ ಈ ವಿಶಿಷ್ಟ ನಿರ್ವಹಣೆಯಿಂದಾಗಿ ನೀಲಿ ಅದ್ದುವವರು ಭಾರತದ ಹಲವೆಡೆ ಉಳಿದ ಬಣ್ಣಗಾರರಿಂದ ಬೇರೆಯಾದ ಗುಂಪಾಗಿ ರೂಪುಗೊಂಡರು. ಬೊಂಬಾಯಿ ಪ್ರಾಂತದ ಗೆಜೆಟಿಯರುಗಳು ದಖನ್ನಿನ ನಿರಾಳಿ ಸಮುದಾಯವನ್ನು ನೀಲಿ ಅದ್ದುವ ಕಸುಬಿನವರೆಂದೇ ಗುರುತಿಸುತ್ತವೆ. ಕನ್ನಡದಲ್ಲಿ ‘ನೀಲಗಾರ’ ಎಂಬ ಪದ ಈ ಕಸುಬಿನ ಹೆಸರಾಗಿ ಬಳಕೆಯಲ್ಲಿದೆ. ಮೈಸೂರು, ಮಂಡ್ಯ, ಚಾಮರಾಜನಗರ ಸೀಮೆಗಳಲ್ಲಿ ಮಂಟೇಸ್ವಾಮಿ ಪರಂಪರೆಯ ಗಾಯಕರನ್ನೂ ನೀಲಗಾರರೆಂದೇ ಕರೆಯುತ್ತಾರೆ. ಹೆಸರಿನ ಸಾಮ್ಯವೊಂದನ್ನೇ ಆಧಾರವಾಗಿಟ್ಟುಕೊಂಡು ಇವರಿಬ್ಬರನ್ನು ಒಂದೆನ್ನುವುದು ತರವಲ್ಲ. ಆದರೆ ‘ನೀಲಿ’ ಎಂಬ ಪದ ನಮ್ಮಲ್ಲಿ ಕೇವಲ ಒಂದು ಬಣ್ಣದ ಹೆಸರಾಗಿ ಉಳಿಯದೆ ಕಸುಬು, ದೀಕ್ಷೆ, ಗಾಯನಗಳವರೆಗೆ ಹಬ್ಬಿದೆಯೆಂಬುದನ್ನು ಇಲ್ಲಿ ಗಮನಿಸಬೇಕು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಬೆಂಗಳೂರಿನ ನೇಯ್ಗೆ ಮತ್ತು ಬಣ್ಣಗಾರಿಕೆಯ ವಿವರಗಳನ್ನು ದಾಖಲಿಸಿದ್ದು, ಅವನ ಪ್ರವಾಸ ಕಥನ 1807ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ನಮ್ಮ ನಾಡಿನ ಬಣ್ಣಗಾರಿಕೆಯ ಅಧ್ಯಯನಕ್ಕೆ ಇದು ಇಂದಿಗೂ ಮುಖ್ಯ ಆಕರ.

ಬಾನಿಯ ಹದವನ್ನು ಬಣ್ಣಗಾರ ತಿಳಿಯುವುದು ಅಳತೆಗೋಲಿನಿಂದಲ್ಲ. ಕೆನೆಯ ಹೊಳಪು, ನೊರೆಯ ಬಣ್ಣ, ವಾಸನೆ, ನಾಲಗೆಗೆ ತಾಗಿಸಿದಾಗಿನ ರುಚಿ, ಬೆರಳುಗಳ ನಡುವಿನ ಜಾರುಗುಣ—ಇವೇ ಅವನ ಮಾಪಕಗಳು. ಬಾನಿಯನ್ನು ಜೀವವುಳ್ಳದ್ದೆಂದು ಭಾವಿಸುವುದು, ಅದು ಕೆಡುತ್ತದೆ, ಸಾಯುತ್ತದೆ ಎಂದು ಮಾತನಾಡುವುದು, ಅದರ ಬಳಿ ಯಾರು ಹೋಗಬೇಕು ಯಾರು ಹೋಗಬಾರದು ಎಂದು ವಿಧಿಸುವುದು ಜಗತ್ತಿನ ಅನೇಕ ಕಡೆ ಕಂಡುಬರುವ ಆಚರಣೆಗಳು. ಇಂಡೊನೇಷ್ಯಾದ ಸುಂಬಾ ದ್ವೀಪದಲ್ಲಿ ನೀಲಿ ಅದ್ದುವುದು ಹೆಂಗಸರ ಗುಟ್ಟಿನ ವಿದ್ಯೆ. ಗಂಡಸರಿಗೆ ಅಲ್ಲಿ ಪ್ರವೇಶವಿಲ್ಲ. ಇಂತಹ ನಿಷೇಧಗಳ ಸಾಮಾಜಿಕ ಅರ್ಥಗಳನ್ನು ಮಾನವಶಾಸ್ತ್ರಜ್ಞರು ವಿವೇಚಿಸಿದ್ದಾರೆ. ಬಾನಿ ಜೀವಂತವೆಂಬ ಮಾತು ಮಾತ್ರ ಅಕ್ಷರಶಃ ನಿಜ.

3. ಪದದ ಪಯಣ

ಸಂಸ್ಕೃತದ ‘ನೀಲೀ’ ಪದವು ಅರಬ್ಬೀ ವರ್ತಕರ ಬಾಯಲ್ಲಿ ‘ಅಲ್-ನೀಲ್’, ‘ಅನ್ನೀಲ್’ ಆಗಿ, ಅಲ್ಲಿಂದ ಪೋರ್ಚುಗೀಸ್ ಮತ್ತು ಸ್ಪ್ಯಾನಿಷ್ ಭಾಷೆಗಳಲ್ಲಿ ‘ಅನಿಲ್’ ಎಂದು ನೆಲೆಗೊಂಡಿತು. 1826ರಲ್ಲಿ ಒಟ್ಟೊ ಉನ್ವೆರ್ಡೊರ್ಬೆನ್ ಎಂಬ ಜರ್ಮನ್ ರಸಾಯನಜ್ಞ ನೀಲಿಯನ್ನು ಬಟ್ಟಿಯಿಳಿಸಿ ಒಂದು ದ್ರವವನ್ನು ಪಡೆದ. 1840ರ ಸುಮಾರಿಗೆ ಕಾರ್ಲ್ ಯೂಲಿಯಸ್ ಫ್ರಿಟ್ಷೆ ನೀಲಿಯನ್ನು ಕ್ಷಾರದೊಡನೆ ಕಾಯಿಸಿ ಅದೇ ದ್ರವವನ್ನು ಪಡೆದು, ‘ಅನಿಲ್’ ಪದದಿಂದಲೇ ಅದಕ್ಕೆ ‘ಅನಿಲೀನ್’ ಎಂದು ಹೆಸರಿಟ್ಟ. ಕಲ್ಲಿದ್ದಲ ಟಾರಿನಲ್ಲಿಯೂ ಇದೇ ವಸ್ತುವಿದೆಯೆಂಬುದು ತಿಳಿದ ಮೇಲೆ ನೀಲಿಗಿಡದ ಅಗತ್ಯ ಉಳಿಯಲಿಲ್ಲ. ಹೆಸರು ಮಾತ್ರ ಉಳಿಯಿತು. 1856ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಪರ್ಕಿನ್ ಅಶುದ್ಧ ಅನಿಲೀನಿನಿಂದ ನೇರಳೆ ಬಣ್ಣವೊಂದನ್ನು ತಯಾರಿಸಿದುದು ಕೃತಕ ಬಣ್ಣಗಳ ಉದ್ಯಮಕ್ಕೆ ನಾಂದಿಯಾಯಿತು.

1876ರಲ್ಲಿ ಜರ್ಮನಿಯ ಲುಡ್ವಿಗ್ಸ್‌ಹಾಫೆನ್‌ನ ಬಿಎಎಸ್ಎಫ್ ಕಾರ್ಖಾನೆಯಲ್ಲಿ ಹೈನ್‌ರಿಖ್ ಕಾರೊ ಮೆಥಿಲೀನ್ ಬ್ಲೂವನ್ನು ತಯಾರಿಸಿದ. 1877ರಲ್ಲಿ ಅದಕ್ಕೆ ಜರ್ಮನ್ ಪೇಟೆಂಟ್ ದೊರೆಯಿತು. ಅದರ ತಯಾರಿಕೆಗೆ ಮೂಲವಸ್ತು ಡೈಮೀಥೈಲ್ ಅನಿಲೀನ್. ಹಾಗಾಗಿ ಈ ಸಂಯುಕ್ತದ ವಂಶಾವಳಿಯನ್ನು ಬರೆದರೆ ತಾಯಿಯ ಕಡೆಯ ಹೆಸರು ‘ನೀಲೀ’ ಎಂದೇ ಬರೆಯಬೇಕಾಗುತ್ತದೆ. ಆದರೆ ಇದು ಹೆಸರಿನ ನಂಟೇ ಹೊರತು ರಚನೆಯ ನಂಟಲ್ಲ. ನೀಲಿಯಲ್ಲಿ ಇಲ್ಲದ ಗಂಧಕದ ಪರಮಾಣು ಮೆಥಿಲೀನ್ ಬ್ಲೂವಿನ ಉಂಗುರದಲ್ಲಿದೆ. ನೀಲಿಯಂತಲ್ಲದೆ ಅದು ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಬಣ್ಣವನ್ನು ಕಳೆದುಕೊಂಡು ಮರಳಿ ಪಡೆಯುವ ಸ್ವಭಾವದಲ್ಲಿ ಮಾತ್ರ ಎರಡೂ ಒಂದೇ ದಾರಿಯವು.

ಅದೇ ಕಾರ್ಖಾನೆಯಲ್ಲಿ ಇನ್ನೊಂದು ಕೆಲಸವೂ ನಡೆದಿತ್ತು. ಅಡಾಲ್ಫ್ ಫಾನ್ ಬೇಯರ್ 1880ರಲ್ಲಿ ನೀಲಿಯನ್ನು ಸಂಶ್ಲೇಷಿಸಿ 1883ರಲ್ಲಿ ಅದರ ರಚನೆಯನ್ನು ನಿರ್ಧರಿಸಿದ. ಬೇಯರ್‌ನೊಡನೆ ಕಾರೊ ನಿಕಟವಾಗಿ ದುಡಿದಿದ್ದ. ಸುಮಾರು 17 ವರ್ಷಗಳ ಪ್ರಯತ್ನ ಮತ್ತು 1.8 ಕೋಟಿ ಮಾರ್ಕುಗಳ ವೆಚ್ಚದ ಬಳಿಕ 1897ರಲ್ಲಿ ಕೃತಕ ನೀಲಿ ಮಾರುಕಟ್ಟೆಗೆ ಬಂತು. ಆ ವರ್ಷ ಜಗತ್ತಿನಲ್ಲಿ ಗಿಡಗಳಿಂದ ತಯಾರಾದ ನೀಲಿ ಸುಮಾರು 19,000 ಟನ್ನು. 1914ರ ವೇಳೆಗೆ ಅದು 1,000 ಟನ್ನಿಗೆ ಇಳಿದಿತ್ತು. ಬೆಳೆಯುವವರ ಪಾಲಿಗೆ ನೀಲಿ ಸುಖದ ಬೆಳೆಯಾಗಿರಲಿಲ್ಲವೆಂಬುದನ್ನು ಇಲ್ಲಿ ಮರೆಯಬಾರದು. ಬಂಗಾಳದ ರೈತರು 1859–60ರಲ್ಲಿ ನೀಲಿ ಬೆಳೆಯಲು ನಿರಾಕರಿಸಿ ದಂಗೆಯೆದ್ದರು. ದೀನಬಂಧು ಮಿತ್ರರ ‘ನೀಲ ದರ್ಪಣ’ ನಾಟಕ 1860ರಲ್ಲಿ ಬಂತು. ಚಂಪಾರಣ್ಯದ ರೈತರ ಪರವಾಗಿ 1917ರಲ್ಲಿ ಗಾಂಧೀಜಿ ನಿಂತರು. ಆದುದರಿಂದ ಗಿಡದ ನೀಲಿಯ ಅವಸಾನವನ್ನು ಬರಿಯ ನಷ್ಟವೆಂದು ಬಣ್ಣಿಸುವುದು ಏಕಪಕ್ಷೀಯವಾದೀತು. ತೋಟದ ಒಡೆಯನ ಬಲಾತ್ಕಾರ ಕೊನೆಗೊಂಡಿತು. ಅದರ ಜೊತೆಗೇ ಬಾನಿಯ ವಿದ್ಯೆಯೂ ಹಿಂದೆ ಸರಿಯಿತು. ಸೋಡಿಯಂ ಹೈಡ್ರೋಸಲ್ಫೈಟ್—ನೇಕಾರರ ಬಳಕೆಯಲ್ಲಿ ‘ಹೈಡ್ರೋಸ್’—ಬಂದ ಮೇಲೆ ದಿನಗಟ್ಟಲೆಯ ಹುದುಗು ನಿಮಿಷಗಳ ಕೆಲಸವಾಯಿತು.

4. ಬಣ್ಣ ಮೈಯೊಳಗೆ ಹೊಕ್ಕಾಗ

ಬಟ್ಟೆಗಾಗಿ ಹುಟ್ಟಿದ ಮೆಥಿಲೀನ್ ಬ್ಲೂ ಕೆಲವೇ ವರ್ಷಗಳಲ್ಲಿ ಸೂಕ್ಷ್ಮದರ್ಶಕದಡಿಗೆ ಬಂತು. 1882ರಲ್ಲಿ ರಾಬರ್ಟ್ ಕಾಖ್ ಕ್ಷಯರೋಗದ ಬ್ಯಾಕ್ಟೀರಿಯಾವನ್ನು ಕಂಡದ್ದು ಈ ಬಣ್ಣದ ನೆರವಿನಿಂದ. ಪಾಲ್ ಎರ್ಲಿಖ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. 1885ರಲ್ಲಿ ಪ್ರಕಟಿಸಿದ, ಜೀವಿಯ ಆಮ್ಲಜನಕದ ಅಗತ್ಯವನ್ನು ಕುರಿತ ಗ್ರಂಥದಲ್ಲಿ ಅವನು ಜೀವಂತ ಪ್ರಾಣಿಗಳಿಗೆ ಅಲಿಝರಿನ್ ಬ್ಲೂ, ಇಂಡೊಫೀನಾಲ್ ಬ್ಲೂ ಎಂಬ ಬಣ್ಣಗಳನ್ನು ಚುಚ್ಚಿ, ಯಾವ ಅಂಗಾಂಶದಲ್ಲಿ ಬಣ್ಣ ಉಳಿಯಿತು, ಯಾವುದರಲ್ಲಿ ಮಾಯವಾಯಿತು ಎಂಬುದನ್ನು ಪರಿಶೀಲಿಸಿದ್ದ. ಬಣ್ಣ ಮಾಯವಾದ ಕಡೆ ಆಮ್ಲಜನಕದ ಹಸಿವು ಹೆಚ್ಚು ಎಂಬುದು ಅವನ ತರ್ಕ. ಬಾನಿಯ ಮುಚ್ಚಳದಡಿ ನಡೆಯುತ್ತಿದ್ದುದೇ ಪ್ರಾಣಿಯ ಯಕೃತ್ತಿನಲ್ಲಿಯೂ ನಡೆಯುತ್ತದೆಯೆಂಬ ಅರಿವು ಇದರಿಂದ ಮೊದಲಾಯಿತು. 1886ರಲ್ಲಿ ಜೀವಂತ ನರಗಳು ಮೆಥಿಲೀನ್ ಬ್ಲೂವನ್ನು ಹೀರುವುದನ್ನು ಎರ್ಲಿಖ್ ತೋರಿಸಿದ. 1891ರಲ್ಲಿ ಪಾಲ್ ಗುಟ್‌ಮನ್‌ನೊಡನೆ ಬರ್ಲಿನ್ನಿನಲ್ಲಿ ಇಬ್ಬರು ಮಲೇರಿಯಾ ರೋಗಿಗಳಿಗೆ ಅದನ್ನೇ ಔಷಧವಾಗಿ ಕೊಟ್ಟ. ಕಾರ್ಖಾನೆಯ ಬಣ್ಣವೊಂದು ಮನುಷ್ಯನ ರೋಗಕ್ಕೆ ಮದ್ದಾದ ಆದಿಮ ನಿದರ್ಶನಗಳಲ್ಲಿ ಇದು ಪ್ರಮುಖ.

ಇದೇ ಸುಮಾರಿಗೆ ಹಾಲು ಕೂಡ ಈ ಚರಿತ್ರೆಯೊಳಗೆ ಬಂತು. 1902ರಲ್ಲಿ ಫ್ರಾಂಟ್ಸ್ ಶಾರ್ಡಿಂಗರ್ ಹಸಿ ಹಾಲಿಗೆ ಮೆಥಿಲೀನ್ ಬ್ಲೂವನ್ನೂ ಫಾರ್ಮಾಲ್ಡಿಹೈಡನ್ನೂ ಬೆರೆಸಿದರೆ ಬಣ್ಣ ಹೋಗುತ್ತದೆ, ಕಾಯಿಸಿದ ಹಾಲಿನಲ್ಲಿ ಹೋಗುವುದಿಲ್ಲ ಎಂದು ತೋರಿಸಿದ. ಹಾಲಿನಲ್ಲಿರುವ ಒಂದು ಕಿಣ್ವವೇ ಬಣ್ಣವನ್ನು ಅಪಕರ್ಷಿಸುತ್ತಿತ್ತು. ಕಾಯಿಸಿದಾಗ ಅದು ನಾಶವಾಗುತ್ತಿತ್ತು.

5. ಥುನ್‌ಬೆರ್ಗ್‌ನ ನಳಿಕೆ ಮತ್ತು ಉಸಿರಾಟದ ವಿವಾದ

ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಜೀವಕೋಶದ ಉಸಿರಾಟವನ್ನು ಕುರಿತು ಎರಡು ಪಕ್ಷಗಳಿದ್ದವು. ಆಹಾರದ ಅಣುವಿನಲ್ಲಿರುವ ಜಲಜನಕವನ್ನು ಸಡಿಲಗೊಳಿಸುವುದೇ ಕಿಣ್ವದ ಮುಖ್ಯ ಕೆಲಸ, ಅದನ್ನು ಸ್ವೀಕರಿಸುವವರು ಯಾರಾದರೂ ಆಗಬಹುದು ಎಂಬುದು ಹೈನ್‌ರಿಖ್ ವೀಲಾಂಡ್‌ನ ಪಕ್ಷ. ಕಬ್ಬಿಣವುಳ್ಳ ಕಿಣ್ವವೊಂದು ಆಮ್ಲಜನಕವನ್ನು ಚುರುಕುಗೊಳಿಸುವುದೇ ಮುಖ್ಯ ಎಂಬುದು ಒಟ್ಟೊ ವಾರ್‌ಬುರ್ಗ್‌ನ ಪಕ್ಷ.

ಈ ವಿವಾದದ ನಡುವೆ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಟಾರ್ಸ್ಟೆನ್ ಥುನ್‌ಬೆರ್ಗ್ 1917ರಿಂದ 1920ರ ಅವಧಿಯಲ್ಲಿ ಒಂದು ಸರಳ ವಿಧಾನವನ್ನು ರೂಪಿಸಿದ. ಸ್ನಾಯುವನ್ನು ಕೊಚ್ಚಿ, ನೀರಿನಲ್ಲಿ ಚೆನ್ನಾಗಿ ತೊಳೆದು, ಅದರೊಳಗಿನ ಉರುವಲನ್ನೆಲ್ಲ ತೆಗೆದುಬಿಡಬೇಕು. ಗಾಜಿನ ನಳಿಕೆಯಲ್ಲಿ ಅದಕ್ಕೆ ಮೆಥಿಲೀನ್ ಬ್ಲೂ ಸೇರಿಸಿ, ಗಾಳಿಯನ್ನು ಹೀರಿ ತೆಗೆದು ಬಿರಡೆ ಹಾಕಬೇಕು. ಬಣ್ಣ ಹಾಗೆಯೇ ಉಳಿಯುತ್ತದೆ. ಈಗ ಸಕ್ಸಿನಿಕ್ ಆಮ್ಲದಂತಹ ಒಂದು ವಸ್ತುವನ್ನು ಸೇರಿಸಿದರೆ ಬಣ್ಣ ಮಾಯವಾಗುತ್ತದೆ. ಎಷ್ಟು ನಿಮಿಷಗಳಲ್ಲಿ ಮಾಯವಾಯಿತು ಎಂಬುದೇ ಅಳತೆ. ಒಂದೊಂದು ವಸ್ತುವನ್ನೂ ಹೀಗೆ ಪರೀಕ್ಷಿಸಿ, ಅಂಗಾಂಶವು ಯಾವುದರಿಂದ ಜಲಜನಕವನ್ನು ಕೀಳಬಲ್ಲದು, ಯಾವುದರಿಂದ ಕೀಳಲಾರದು ಎಂಬ ಪಟ್ಟಿಯನ್ನು ಮಾಡುವುದು ಸಾಧ್ಯವಾಯಿತು. ಆಮ್ಲಜನಕವಿಲ್ಲದೆಯೂ ಉತ್ಕರ್ಷಣ ನಡೆಯುತ್ತದೆಂಬುದನ್ನು, ಬಣ್ಣವು ಆಮ್ಲಜನಕದ ಸ್ಥಾನದಲ್ಲಿ ನಿಂತು ಸಾಬೀತುಪಡಿಸಿತು.

ಬಾನಿಯೊಡನೆ ಈ ನಳಿಕೆಯ ಹೋಲಿಕೆ ಸ್ಪಷ್ಟವಾಗಿದೆ: ಮುಚ್ಚಿದ ಪಾತ್ರೆ, ಒಳಗೆ ಜೈವಿಕ ವಸ್ತು, ಗಾಳಿಗೆ ನಿಷೇಧ, ಕಣ್ಣಿನಿಂದ ಓದುವ ಬಣ್ಣ. ವ್ಯತ್ಯಾಸವೂ ಅಷ್ಟೇ ಸ್ಪಷ್ಟ. ಬಣ್ಣಗಾರನಿಗೆ ಬಟ್ಟೆ ನೀಲಿಯಾಗಬೇಕು. ಬಣ್ಣ ಮರೆಯಾಗುವುದು ಅದಕ್ಕೊಂದು ದಾರಿ. ಥುನ್‌ಬೆರ್ಗ್‌ಗೆ ಬಣ್ಣ ಮರೆಯಾಗುವುದೇ ಪ್ರಶ್ನೆಗೆ ಉತ್ತರ. ಬಣ್ಣಗಾರ ಬಾನಿಯಲ್ಲಿ ಎಲ್ಲವನ್ನೂ ಬೆರೆಸಿ ಹದ ಕಾಯುತ್ತಾನೆ. ಪ್ರಯೋಗಶೀಲ ಎಲ್ಲವನ್ನೂ ತೊಳೆದು ತೆಗೆದು ಒಂದೊಂದನ್ನೇ ಮರಳಿ ಸೇರಿಸುತ್ತಾನೆ. ಹೊಸ ಜ್ಞಾನ ಹುಟ್ಟಿದ್ದು ಈ ಬೇರ್ಪಡಿಸುವ ಕ್ರಮದಿಂದ. ಬಾನಿಯನ್ನು ಎಷ್ಟೇ ಶತಮಾನ ನಡೆಸಿದರೂ ಸಕ್ಸಿನಿಕ್ ಆಮ್ಲವನ್ನು ಒಡೆಯುವ ಕಿಣ್ವದ ಅರಿವು ಅದರಿಂದ ತಾನಾಗಿ ಬರುತ್ತಿರಲಿಲ್ಲ. ಜಾನಪದದ ಪರವಾಗಿ ಮಾತನಾಡುವವರು ಈ ಮಾತನ್ನು ಮುಚ್ಚಿಡದೆ ಹೇಳಬೇಕು.

ಮುಂದಿನ ವರ್ಷಗಳಲ್ಲಿ ಈ ವಿಧಾನ ಬಹುಬೇಗ ಹಬ್ಬಿತು. 1924ರಲ್ಲಿ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಮತ್ತು ಆಲ್ಫ್ರೆಡ್ ಫ್ಲೈಶ್ ಅವರು, ಸಯನೈಡಿನಿಂದ ಉಸಿರು ಕಟ್ಟಿದ ಅಂಗಾಂಶಕ್ಕೆ ಮೆಥಿಲೀನ್ ಬ್ಲೂ ಸೇರಿಸಿದರೆ ಆಮ್ಲಜನಕದ ಬಳಕೆ ಮರಳುತ್ತದೆಂದು ತೋರಿಸಿದರು. ಕಡಿದುಬಿದ್ದ ಸೇತುವೆಯ ಜಾಗದಲ್ಲಿ ಬಣ್ಣವು ತಾನೇ ಸೇತುವೆಯಾಗಿ, ಜಲಜನಕವನ್ನು ಪಡೆದು ಆಮ್ಲಜನಕಕ್ಕೆ ದಾಟಿಸುತ್ತಿತ್ತು. ಇದರಿಂದ ಎರಡೂ ಪಕ್ಷಗಳು ಒಂದೇ ಸರಪಳಿಯ ಎರಡು ತುದಿಗಳನ್ನು ಹಿಡಿದಿವೆಯೆಂಬುದು ತೋರತೊಡಗಿತು. 1925ರಲ್ಲಿ ಕೇಂಬ್ರಿಜಿನ ಡೇವಿಡ್ ಕೈಲಿನ್ ಸೈಟೊಕ್ರೋಮ್‌ಗಳನ್ನು ಗುರುತಿಸಿದಾಗ ನಡುವಿನ ಕೊಂಡಿಗಳು ದೊರೆತವು. ಅವನು ಕಂಡದ್ದೂ ಬಣ್ಣದ ಆಟವನ್ನೇ: ಯೀಸ್ಟನ್ನು ಗಾಳಿಯೊಡನೆ ಕುಲುಕಿದಾಗ ರೋಹಿತದರ್ಶಕದಲ್ಲಿ ಕಾಣುತ್ತಿದ್ದ ಕಪ್ಪು ಪಟ್ಟೆಗಳು ಮಾಯವಾಗಿ, ಸುಮ್ಮನೆ ಬಿಟ್ಟಾಗ ಮರಳುತ್ತಿದ್ದವು. ಕೇಂಬ್ರಿಜಿನಲ್ಲಿಯೇ ಜೂಡಾ ಕ್ವಾಸ್ಟೆಲ್ ತನ್ನ ಸಹೋದ್ಯೋಗಿಗಳೊಡನೆ ಬ್ಯಾಕ್ಟೀರಿಯಾಗಳ ಮೇಲೆ ಮೆಥಿಲೀನ್ ಬ್ಲೂ ಪ್ರಯೋಗಗಳನ್ನು ನಡೆಸಿದ. 1928ರಲ್ಲಿ ವಾಲ್ಟರ್ ವುಲ್ಡ್ರಿಜ್ ಅವರೊಡನೆ, ಮಲೋನಿಕ್ ಆಮ್ಲವು ಸಕ್ಸಿನಿಕ್ ಆಮ್ಲದ ಜಾಗವನ್ನು ಆಕ್ರಮಿಸಿ ಕಿಣ್ವವನ್ನು ತಡೆಯುತ್ತದೆಂದು ತೋರಿಸಿದ.

ಕೃತಕ ಬಣ್ಣವನ್ನು ಜೀವಕೋಶಕ್ಕೆ ಹಾಕಿ ಕೋಶದ ಸ್ವಭಾವವನ್ನು ತಿಳಿಯಲಾಗದು ಎಂದು ಆಕ್ಷೇಪಿಸಿದ ವಾರ್‌ಬುರ್ಗ್‌ಗೂ ಕೊನೆಗೆ ಇದೇ ಬಣ್ಣ ದಾರಿ ತೋರಿತು. ಮೆಥಿಲೀನ್ ಬ್ಲೂ ಸೇರಿಸಿದರೆ ಕೆಂಪು ರಕ್ತಕಣಗಳ ಆಮ್ಲಜನಕ ಬಳಕೆ ಹೆಚ್ಚುತ್ತದೆಂದು ಹ್ಯಾರಪ್ ಮತ್ತು ಬ್ಯಾರನ್ 1928ರಲ್ಲಿ ಕಂಡಿದ್ದರು. 1930ರಿಂದ ವಾರ್‌ಬುರ್ಗ್ ಇದರ ಬೆನ್ನುಹತ್ತಿದ. 1932ರಲ್ಲಿ ಹಳದಿ ಕಿಣ್ವವೂ, 1930ರ ದಶಕದ ನಡುಭಾಗದಲ್ಲಿ ನಿಕೊಟಿನಮೈಡ್ ಉಳ್ಳ ಸಹಕಿಣ್ವವೂ ಅವನ ಪ್ರಯೋಗಾಲಯದಲ್ಲಿ ಬೆಳಕಿಗೆ ಬಂದವು.

6. ಬಣ್ಣಗಳ ಏಣಿಯಲ್ಲಿ ನೀಲಿ

ಒಂದು ಬಣ್ಣ ಮಾಯವಾಯಿತು ಎಂದರೆ ಸಾಲದು. ಎಲೆಕ್ಟ್ರಾನನ್ನು ಕೊಡುವ ಒತ್ತಡ ಎಷ್ಟಿತ್ತು ಎಂಬುದೂ ತಿಳಿಯಬೇಕು. 1920ರ ದಶಕದಲ್ಲಿ ಅಮೆರಿಕದ ವಿಲಿಯಂ ಮ್ಯಾನ್ಸ್‌ಫೀಲ್ಡ್ ಕ್ಲಾರ್ಕ್ ಮತ್ತವರ ಸಂಗಡಿಗರು ಒಂದೊಂದು ಬಣ್ಣದ ವಿಭವವನ್ನೂ ವೋಲ್ಟುಗಳಲ್ಲಿ ಅಳೆದು ಒಂದು ಏಣಿಯನ್ನೇ ಕಟ್ಟಿದರು. ಪಿಎಚ್ 7ರಲ್ಲಿ ಡೈಕ್ಲೋರೊಫೀನಾಲ್ ಇಂಡೊಫೀನಾಲಿನ ಮೌಲ್ಯ ಸುಮಾರು +0.217 ವೋಲ್ಟ್, ಮೆಥಿಲೀನ್ ಬ್ಲೂವಿನದು ಸುಮಾರು +0.011 ವೋಲ್ಟ್. ಇವುಗಳ ಕೆಳಗಿನ ಮೂರು ಮೆಟ್ಟಿಲುಗಳು ನಮ್ಮ ವಿಷಯಕ್ಕೆ ಮುಖ್ಯವಾದವು. −0.046, −0.081 ಮತ್ತು −0.125 ವೋಲ್ಟುಗಳ ಆ ಮೂರು ಬಣ್ಣಗಳು ಇಂಡಿಗೊವಿನ ಸಲ್ಫೊನೇಟುಗಳು. ಅಂದರೆ ಗಂಧಕಾಮ್ಲದ ಕ್ರಿಯೆಯಿಂದ ನೀರಿನಲ್ಲಿ ಕರಗುವಂತೆ ಮಾಡಿದ ನೀಲಿಯೇ. ಹೀಗೆ ಹೆಸರಿನ ಮೂಲಕ ಮಾತ್ರವಲ್ಲದೆ ಪದಾರ್ಥದ ರೂಪದಲ್ಲಿಯೂ ನೀಲಿಯು ಜೀವರಸಾಯನದ ಅಳತೆಗೋಲಿನೊಳಗೆ ಸೇರಿತು.

ಏಣಿಯಲ್ಲಿ ಮೆಥಿಲೀನ್ ಬ್ಲೂ ನಡುವಿನ ಮೆಟ್ಟಿಲಲ್ಲಿರುವುದೇ ಅದರ ಉಪಯುಕ್ತತೆಗೆ ಕಾರಣ. ಕಿಣ್ವಗಳಿಂದ ಅದು ಸುಲಭವಾಗಿ ಪಡೆಯುತ್ತದೆ. ಆಮ್ಲಜನಕಕ್ಕೆ ಅಷ್ಟೇ ಸುಲಭವಾಗಿ ಬಿಟ್ಟುಕೊಡುತ್ತದೆ. ಇದೇ ಗುಣ ಇಂದಿಗೂ ಆಸ್ಪತ್ರೆಗಳಲ್ಲಿ ಜೀವ ಉಳಿಸುತ್ತಿದೆ. ಕೆಲವು ರಾಸಾಯನಿಕಗಳ ಸೋಂಕಿನಿಂದ ರಕ್ತದ ಹಿಮೊಗ್ಲೋಬಿನ್ನಿನ ಕಬ್ಬಿಣ ಉತ್ಕರ್ಷಣಗೊಂಡು ಆಮ್ಲಜನಕವನ್ನು ಹೊರಲಾರದಂತಾಗುತ್ತದೆ. ಆಗ ಮೆಥಿಲೀನ್ ಬ್ಲೂವನ್ನು ರಕ್ತನಾಳಕ್ಕೆ ಕೊಡುತ್ತಾರೆ. ರಕ್ತಕಣದ ಕಿಣ್ವ ಅದನ್ನು ಬಣ್ಣಗೆಡಿಸುತ್ತದೆ. ಬಣ್ಣಗೆಟ್ಟ ರೂಪವು ಕಬ್ಬಿಣವನ್ನು ಮೊದಲಿನ ಸ್ಥಿತಿಗೆ ತರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಈ ಚಿಕಿತ್ಸೆಗೆ ವಿಧಿವತ್ತಾದ ಅನುಮೋದನೆ ನೀಡಿತು. ವಾರ್‌ಬುರ್ಗ್ ಅಧ್ಯಯನ ಮಾಡಿದ ಸಕ್ಕರೆಯ ಮಾರ್ಗದ ಕಿಣ್ವವೊಂದು ಹುಟ್ಟಿನಿಂದಲೇ ಕೊರತೆಯಾಗಿರುವವರಿಗೆ ಮಾತ್ರ ಇದೇ ಮದ್ದು ಅಪಾಯಕಾರಿ.

7. ಹಾಲಿನ ಪರೀಕ್ಷೆ: ಕರ್ನಾಟಕದ ಕೊಂಡಿ

ಕರ್ನಾಟಕದ ಜನಜೀವನದೊಡನೆ ಮೆಥಿಲೀನ್ ಬ್ಲೂವಿನ ನೇರ ಸಂಬಂಧ ಬೆಳೆದದ್ದು ಹಾಲಿನ ಮೂಲಕ. ಹಾಲಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಿದಷ್ಟೂ ಆಮ್ಲಜನಕ ಬೇಗ ಮುಗಿದು ಬಣ್ಣ ಬೇಗ ಹೋಗುತ್ತದೆ. ಈ ತತ್ವದ ಮೇಲೆ ರೂಪುಗೊಂಡ ಪರೀಕ್ಷೆಯಲ್ಲಿ 10 ಮಿಲಿಲೀಟರ್ ಹಾಲಿಗೆ 1 ಮಿಲಿಲೀಟರ್ ಬಣ್ಣದ ದ್ರಾವಣ ಬೆರೆಸಿ 37 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಇಡುತ್ತಾರೆ. ಐದು ಗಂಟೆ ಅಥವಾ ಹೆಚ್ಚು ಹೊತ್ತು ಬಣ್ಣ ನಿಂತರೆ ಹಾಲು ಬಹಳ ಉತ್ತಮ. ಅರ್ಧ ಗಂಟೆಯಲ್ಲಿ ಹೋದರೆ ಕಳಪೆ. ಬೆಂಗಳೂರಿನಲ್ಲಿ 1923ರಲ್ಲಿ ಸ್ಥಾಪನೆಯಾದ ಇಂಪೀರಿಯಲ್ ಪಶುಸಂಗೋಪನೆ ಮತ್ತು ಹೈನುಗಾರಿಕೆ ಸಂಸ್ಥೆಯಲ್ಲಿ—1927ರಲ್ಲಿ ಗಾಂಧೀಜಿ ಹೈನುಗಾರಿಕೆಯ ತರಬೇತಿ ಪಡೆದುದು ಅಲ್ಲಿಯೇ—ಭಾರತದ ವೈಜ್ಞಾನಿಕ ಹೈನುಗಾರಿಕೆಗೆ ಬುನಾದಿ ಬಿತ್ತು. 1970ರ ದಶಕದಿಂದ ಹಳ್ಳಿಗಳಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘಗಳು ಹಬ್ಬಿದಂತೆ ಹಾಲಿನ ಗುಣ ನಿರ್ಣಯ ಮನೆಯಿಂದ ಡೇರಿಗೆ ಸ್ಥಳಾಂತರಗೊಂಡಿತು.

ಅದಕ್ಕೆ ಮೊದಲು ಈ ನಿರ್ಣಯ ಹೆಂಗಸರ ಮೂಗಿನಲ್ಲಿಯೂ ಕೈಯಲ್ಲಿಯೂ ಇತ್ತು. ಕಾಯಿಸಿದರೆ ಒಡೆಯುತ್ತದೆಯೇ, ಹೆಪ್ಪು ಎಷ್ಟು ಹೊತ್ತಿಗೆ ಕೂರುತ್ತದೆ, ಪಾತ್ರೆಗೆ ಬಿಸಿಲು ಕಾಯಿಸಿದ್ದಾಗಿದೆಯೇ ಎಂಬ ವಿಚಾರಣೆಗಳೆಲ್ಲ ಸೂಕ್ಷ್ಮಜೀವಿಗಳ ಲೆಕ್ಕಾಚಾರಗಳೇ. ನೀಲಿಯ ಪರೀಕ್ಷೆಗೆ ಒಂದು ಅನುಕೂಲವಿತ್ತು: ಅದು ಒಬ್ಬರ ಮೂಗನ್ನು ಅವಲಂಬಿಸಿರಲಿಲ್ಲ, ಹಾಲು ಹಾಕಿದವರಿಗೂ ಅಳೆದವರಿಗೂ ಒಂದೇ ಬಣ್ಣ ಕಾಣುತ್ತಿತ್ತು. ಅಪರಿಚಿತರ ನಡುವಿನ ವ್ಯವಹಾರಕ್ಕೆ ಇಂತಹ ಸಾಕ್ಷಿ ಬೇಕು. ಅದಕ್ಕೂ ಮಿತಿಯಿದೆ: ತಣ್ಣಗಿಟ್ಟ ಹಾಲಿನ ಬ್ಯಾಕ್ಟೀರಿಯಾಗಳು ಮಂದವಾಗಿರುವುದರಿಂದ ಬಣ್ಣ ನಿಂತ ಮಾತ್ರಕ್ಕೆ ಹಾಲು ಶುದ್ಧವೆನ್ನಲಾಗದು.

8. ಮರಳಿ ಬಾನಿಗೆ

ಬಾನಿಯ ಸೂಕ್ಷ್ಮಜೀವಿಯನ್ನು ವಿಜ್ಞಾನ ಬೇರ್ಪಡಿಸಿ ಹೆಸರಿಟ್ಟದ್ದು ಬಹಳ ತಡವಾಗಿ. ಐರೋಪ್ಯರ ‘ವೋಡ್’ ಎಂಬ ನೀಲಿಗಿಡದ ಹಳೆಯ ಪದ್ಧತಿಯ ಬಾನಿಯಿಂದ ಪಡೆದ ಬ್ಯಾಕ್ಟೀರಿಯಾಕ್ಕೆ ಕ್ಲಾಸ್ಟ್ರಿಡಿಯಂ ಇಸಾಟಿಡಿಸ್ ಎಂದು ಹೆಸರು ಬಂದದ್ದು 1999ರಲ್ಲಿ. ಥುನ್‌ಬೆರ್ಗ್‌ನ ನಳಿಕೆಗೂ ಇದಕ್ಕೂ ನಡುವೆ ಸುಮಾರು ಎಂಬತ್ತು ವರ್ಷಗಳ ಅಂತರ. ಜೀವಕೋಶದ ಉಸಿರಾಟದ ಬಹುಪಾಲು ಗುಟ್ಟುಗಳು ಬಿಚ್ಚಿಕೊಂಡ ಮೇಲೆಯೂ, ಸಾವಿರಾರು ವರ್ಷ ಮನುಷ್ಯರು ನಡೆಸಿಕೊಂಡು ಬಂದ ಅಪಕರ್ಷಣದ ಪಾತ್ರೆಯೊಳಗೆ ಯಾರಿದ್ದಾರೆಂದು ಕೇಳುವವರಿರಲಿಲ್ಲ.

2005ರ ಇನ್ನೊಂದು ಅಧ್ಯಯನ ಹೆಚ್ಚು ಕುತೂಹಲಕರ. ನೀಲಿಯ ಕಣ ಕರಗದು; ಬ್ಯಾಕ್ಟೀರಿಯಾ ಅದನ್ನು ನುಂಗಲಾರದು. ಹೀಗಿರುವಾಗ ಎಲೆಕ್ಟ್ರಾನುಗಳು ದಾಟುವುದು ಹೇಗೆ? ಐರೋಪ್ಯ ಬಾನಿಗಳಿಗೆ ಮಂಜಿಷ್ಠದ ಜಾತಿಯ ಬೇರಿನ ಪುಡಿಯನ್ನು ಸೇರಿಸುವ ರೂಢಿಯಿತ್ತು. ಕೆಂಪುಬಣ್ಣದ ಬೇರು ನೀಲಿಯ ಬಾನಿಯಲ್ಲಿ ಏಕೆ ಎಂಬುದಕ್ಕೆ ಉತ್ತರ, ಅದರಲ್ಲಿರುವ ಆಂಥ್ರಕ್ವಿನೋನ್‌ಗಳು. ಇವು ಬ್ಯಾಕ್ಟೀರಿಯಾದಿಂದ ಎಲೆಕ್ಟ್ರಾನುಗಳನ್ನು ಪಡೆದು ನೀಲಿಗೆ ದಾಟಿಸಿ ಮರಳುವ ದೂತರು. ಸಯನೈಡಿಗೆ ಸಿಕ್ಕಿದ ಅಂಗಾಂಶದಲ್ಲಿ ಮೆಥಿಲೀನ್ ಬ್ಲೂ ಮಾಡಿದ ಕೆಲಸವನ್ನೇ ಇಲ್ಲಿ ಇವು ಮಾಡುತ್ತವೆ.

ಈಗ ತಗಚೆ ಬೀಜದ ಕಡೆಗೆ ಬರೋಣ. ಅದನ್ನು ಹುದುಗಿಗೆ ಬೇಕಾದ ಪಿಷ್ಟದ ಮೂಲವೆಂದಷ್ಟೇ ವಿವರಿಸುವುದು ರೂಢಿ. ಹುದುಗಿಗೆ ಹೊಟ್ಟಾಗಲಿ ಬೆಲ್ಲವಾಗಲಿ ಸಾಕಾಗಿರುವಾಗ ತಗಚೆಯನ್ನೇ ಆರಿಸಿದ್ದೇಕೆ? ತಗಚೆ ಬೀಜದಲ್ಲಿ ಕ್ರೈಸೊಫೆನಾಲ್, ಎಮೊಡಿನ್ ಮೊದಲಾದ ಆಂಥ್ರಕ್ವಿನೋನ್‌ಗಳಿವೆಯೆಂಬುದು ಸಸ್ಯರಸಾಯನದಲ್ಲಿ ಸಿದ್ಧವಾದ ವಿಷಯ. ಆದುದರಿಂದ ನಮ್ಮ ಬಾನಿಗಳಲ್ಲಿ ತಗಚೆಯು ಉರುವಲಷ್ಟೇ ಅಲ್ಲದೆ ದೂತನೂ ಆಗಿರಬಹುದೆಂಬುದು ಈ ಲೇಖಕನ ಊಹೆ. ಇದು ತೀರ್ಮಾನವಲ್ಲ. ಒಂದು ಬಾನಿಗೆ ತಗಚೆ, ಇನ್ನೊಂದಕ್ಕೆ ಆಂಥ್ರಕ್ವಿನೋನ್ ಇಲ್ಲದ ಬೇರೆ ಬೀಜ ಹಾಕಿ ನೀಲಿ ಕರಗುವ ವೇಗವನ್ನು ಅಳೆದರೆ ಊಹೆ ನಿಲ್ಲುತ್ತದೋ ಬೀಳುತ್ತದೋ ತಿಳಿಯುತ್ತದೆ. ಬಿದ್ದರೂ ನಷ್ಟವಿಲ್ಲ, ಒಂದು ಕಸುಬಿನ ಆಯ್ಕೆಯನ್ನು ನಾವು ಪ್ರಶ್ನೆಯಾಗಿ ಗೌರವಿಸಿದಂತಾಯಿತು.

9. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ನೀಲಿಯ ಪದ ಅನಿಲೀನಿನ ಮೂಲಕ ಮೆಥಿಲೀನ್ ಬ್ಲೂವಿನ ವಂಶದಲ್ಲಿ ಉಳಿದಿದೆ; ನೀಲಿಯ ಪದಾರ್ಥ ಕ್ಲಾರ್ಕ್‌ನ ಏಣಿಯಲ್ಲಿ ಉಳಿದಿದೆ; ಗಾಳಿಯನ್ನು ತಡೆದು ಬಣ್ಣವನ್ನು ಓದುವ ಪದ್ಧತಿ ಬಾನಿಯಲ್ಲಿಯೂ ನಳಿಕೆಯಲ್ಲಿಯೂ ಒಂದೇ ತೆರನಾಗಿದೆ. ಮೊದಲೆರಡು ಚಾರಿತ್ರಿಕ ನಂಟುಗಳು. ಮೂರನೆಯದು ಸಾದೃಶ್ಯ ಮಾತ್ರ. ಸಾದೃಶ್ಯವನ್ನು ನಂಟೆಂದು ಹೇಳುವುದು ಹೇಗೆ ತಪ್ಪೋ, ನಂಟನ್ನು ಮರೆಯುವುದೂ ಹಾಗೆಯೇ ತಪ್ಪು. ವಿಜ್ಞಾನದ ಚರಿತ್ರೆಯಲ್ಲಿ ಕಾರೊ, ಎರ್ಲಿಖ್, ಥುನ್‌ಬೆರ್ಗ್ ಹೆಸರುಗಳು ದಾಖಲಾದವು. ಬಾನಿಯ ಹದವನ್ನು ನಾಲಗೆಯಿಂದ ಅಳೆದವರ ಹೆಸರುಗಳು ದಾಖಲಾಗಲಿಲ್ಲ. ಆ ಹೆಸರುಗಳನ್ನು ಇನ್ನು ಹುಡುಕಿ ತೆಗೆಯಲಾಗದು. ಅವರ ಅರಿವನ್ನು ಮಾತ್ರ ಇನ್ನೂ ದಾಖಲಿಸಬಹುದು.

ಪ್ರಯೋಗಾಲಯಗಳಲ್ಲಿ ಮೆಥಿಲೀನ್ ಬ್ಲೂವಿನ ಹಲವು ಕೆಲಸಗಳನ್ನು ಈಗ ಆಮ್ಲಜನಕದ ಎಲೆಕ್ಟ್ರೋಡುಗಳೂ ಟೆಟ್ರಜೋಲಿಯಂ ಬಣ್ಣಗಳೂ ಮಾಡುತ್ತಿವೆ. ಥುನ್‌ಬೆರ್ಗ್‌ನ ನಳಿಕೆ ವಸ್ತುಸಂಗ್ರಹಾಲಯದ ಕಡೆಗೆ ಸಾಗಿದೆ. ಅದರ ವಿವರಗಳೆಲ್ಲ ಗ್ರಂಥಗಳಲ್ಲಿ ಭದ್ರವಾಗಿರುವುದರಿಂದ ಬೇಕಾದವರು ಮತ್ತೆ ಕಟ್ಟಬಹುದು. ಬಾನಿಗೆ ಆ ಭದ್ರತೆಯಿಲ್ಲ. ಕಚ್ಛ್‌ನ ಅಜರಖ್ ಕುಶಲಕರ್ಮಿಗಳಂತಹ ಕೆಲವರು ಅದನ್ನು ಜೀವಂತವಾಗಿಟ್ಟಿದ್ದಾರೆ. ಹಲವೆಡೆ ಬಾನಿ ನಡೆಸಿದವರ ಕೊನೆಯ ತಲೆಮಾರು ಮಾತ್ರ ಉಳಿದಿದೆ. ನಮ್ಮ ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳು ಹಾಡು, ಕತೆ, ಗಾದೆಗಳನ್ನು ಸಂಗ್ರಹಿಸಿದಷ್ಟು ಶ್ರದ್ಧೆಯಿಂದ ಕಸುಬಿನ ಮಾತುಗಳನ್ನು ಸಂಗ್ರಹಿಸಿಲ್ಲ. ವಾಸನೆಗೆ, ನೊರೆಗೆ, ಕೆಟ್ಟ ಬಾನಿಯನ್ನು ಸರಿಪಡಿಸುವ ಉಪಾಯಕ್ಕೆ ಬಣ್ಣಗಾರರು ಬಳಸುವ ಒಂದೊಂದು ಪದವನ್ನೂ, ಅದೇ ಹೊತ್ತಿನಲ್ಲಿ ಬಾನಿಯ ಪಿಎಚ್, ಉಷ್ಣತೆ ಮತ್ತು ವಿಭವದ ಅಳತೆಯೊಡನೆ ಬರೆದಿಡುವ ಕೆಲಸವನ್ನು ಜಾನಪದ ವಿಭಾಗವೂ ಜೀವರಸಾಯನ ವಿಭಾಗವೂ ಕೂಡಿ ಮಾಡಬೇಕಾಗಿದೆ. ಪದವನ್ನು ಬಲ್ಲವರು ಇರುವಾಗಲೇ ಅಳತೆ ನಡೆಯಬೇಕು. ಅವರ ನಂತರ ಉಳಿಯುವ ಬಾನಿಯನ್ನು ಅಳೆಯಬಹುದೇ ಹೊರತು ಅದು ಹದಕ್ಕೆ ಬಂದಿದೆಯೇ ಎಂದು ಕೇಳಲು ಯಾರೂ ಇರುವುದಿಲ್ಲ.